ಓಡಿಹೋಗಿ ಮತ್ತೆ ಬಂದು ಕೂರುತ್ತಿದ್ದ ರಾಜ: ಫೆಲಿಮ್ ಓ ಕಾನರ್

13ನೇ ಶತಮಾನದ ಐರ್ಲೆಂಡಿನಲ್ಲಿ ರಾಜನಾಗುವುದು ಅಷ್ಟೇನೂ ಕಷ್ಟವಿರಲಿಲ್ಲ. ರಾಜನಾಗಿದ್ದುಕೊಂಡೇ ವಯಸ್ಸಾಗಿ ಸಾಯುವುದಿತ್ತಲ್ಲ, ಅದು ಕಷ್ಟ. ದೇಶದ ಪಶ್ಚಿಮಕ್ಕಿರುವ ಕಾನಾಟ್ ಪ್ರಾಂತ್ಯವನ್ನು ಆಳಿದ್ದು ಓ ಕಾನರ್ ಮನೆತನ. ಆ ಮನೆತನದ ವಂಶಾವಳಿ ತೆಗೆದು ನೋಡಿ. ಒಬ್ಬನನ್ನು ಚಿಕ್ಕಪ್ಪನ ಮಗ ಕೊಂದ. ಇನ್ನೊಬ್ಬನ ಕಣ್ಣು ಕೀಳಿಸಿದರು. ಮತ್ತೊಬ್ಬ ಹದಿನೈದು ದಿನ ಆಳಿ ಹೆಣವಾದ. ಇಂಥವರ ನಡುವೆ ಫೆಲಿಮ್ ಓ ಕಾನರ್ ಬೇರೆಯಾಗಿ ಕಾಣುತ್ತಾನೆ. 1230ರಲ್ಲಿ ಮೊದಲ ಸಲ ಪಟ್ಟಕ್ಕೆ ಬಂದ. 1265ರಲ್ಲಿ ರಾಜನಾಗಿಯೇ ಕಣ್ಣು ಮುಚ್ಚಿದ. ನಡುವೆ ಒಮ್ಮೆ ಸೆರೆಯಾದ, ಮೂರು ಸಲ ನಾಡು ಬಿಟ್ಟು ಓಡಿದ, ಪ್ರತಿ ಸಲವೂ ವಾಪಸ್ ಬಂದು ಕೂತ.

ಇವನು ದೊಡ್ಡ ಯುದ್ಧವೀರನಲ್ಲ. ಹಾಡು ಕಟ್ಟಿಸಿಕೊಳ್ಳುವಂಥ ಸಾಹಸ ಮಾಡಿದವನೂ ಅಲ್ಲ. ಆದರೂ ಆ ಕಾಲದ ಐರ್ಲೆಂಡ್ ಹೇಗೆ ನಡೆಯುತ್ತಿತ್ತು ಎಂದು ತಿಳಿಯಬೇಕಾದರೆ ವೀರರಿಗಿಂತ ಇವನ ಬದುಕೇ ಜಾಸ್ತಿ ಹೇಳುತ್ತದೆ. ಐರಿಷರು ಒಂದು ಕಡೆ, ಇಂಗ್ಲಿಷರು ಇನ್ನೊಂದು ಕಡೆ ನಿಂತು ಹೊಡೆದಾಡಿದರು ಎಂದು ನಾವು ಅಂದುಕೊಂಡಿರುತ್ತೇವೆ. ಫೆಲಿಮನಿಗೆ ಆ ಸುಖ ಇರಲಿಲ್ಲ. ಅವನ ಮೊದಲ ಶತ್ರುಗಳು ದಾಯಾದಿಗಳು. ಆಮೇಲೆ ಪಕ್ಕದಲ್ಲೇ ಕೋಟೆ ಕಟ್ಟಿಕೊಂಡು ಕೂತ, ಇಂಗ್ಲೆಂಡಿನ ರಾಜನ ಕೈಕೆಳಗಿನ ದೊಡ್ಡ ಜಮೀನ್ದಾರರಾದ ಬ್ಯಾರನ್‌ಗಳು. ದೂರದ ಲಂಡನ್ನಿನಲ್ಲಿದ್ದ ಇಂಗ್ಲೆಂಡಿನ ರಾಜ ಎಷ್ಟೋ ಸಲ ಇವನ ಪಾಲಿಗೆ ಶತ್ರುವಲ್ಲ, ದೂರು ಕೊಡಲು ಇದ್ದ ಒಂದೇ ಜಾಗ.

ಪಟ್ಟ ಯಾರಿಗೆ?

ಮೊದಲು ದಾಯಾದಿಗಳ ವಿಷಯ. ಐರಿಷ್ ಕಾನೂನಿನಲ್ಲಿ ಹಿರಿಯ ಮಗನಿಗೇ ಪಟ್ಟ ಎಂಬ ನಿಯಮ ಇರಲಿಲ್ಲ. ಒಬ್ಬ ಮುತ್ತಜ್ಜನ ಗಂಡು ಸಂತತಿಯಲ್ಲಿ ಹುಟ್ಟಿದ ಯಾರು ಬೇಕಾದರೂ ರಾಜನಾಗಬಹುದಿತ್ತು. ಅಣ್ಣ, ತಮ್ಮ, ಚಿಕ್ಕಪ್ಪ, ಅಣ್ಣನ ಮಗ, ಎಲ್ಲರಿಗೂ ಹಕ್ಕು. ತಾಯಿ ಮದುವೆಯಾದ ಹೆಂಡತಿಯೋ ಅಲ್ಲವೋ ಎಂಬುದೂ ದೊಡ್ಡ ಪ್ರಶ್ನೆಯಲ್ಲ. ತಂದೆ ನನ್ನ ಮಗ ಎಂದು ಒಪ್ಪಿದರೆ ಸಾಕಿತ್ತು. ಇವರಲ್ಲಿ ಕೈಲಾಗುವವನು ಯಾರು, ನಾಡಿನ ಪಾಳೆಯಗಾರರು ಯಾರ ಬೆನ್ನಿಗೆ ನಿಲ್ಲುತ್ತಾರೆ ಎಂಬುದರ ಮೇಲೆ ಪಟ್ಟ ನಿರ್ಧಾರವಾಗುತ್ತಿತ್ತು.

ಕೇಳಲು ಇದು ಒಳ್ಳೆಯ ಪದ್ಧತಿಯೇ. ದಡ್ಡನೋ ಹಸುಗೂಸೋ ಸುಮ್ನೆ ಹುಟ್ಟಿದ ಕಾರಣಕ್ಕೆ ರಾಜನಾಗುವ ಹಾಗಿಲ್ಲ. ಆದರೆ ಕಾನಾಟ್‌ನಲ್ಲಿ ಆದದ್ದೇ ಬೇರೆ. ಫೆಲಿಮನ ಅಜ್ಜ ಟರ್ಲೋ ಮೋರ್ 1156ರವರೆಗೆ ಐರ್ಲೆಂಡಿನ ಬಲಿಷ್ಠ ರಾಜನಾಗಿದ್ದವನು. ಅವನಿಗೆ ಹಲವು ಹೆಂಡತಿಯರು, 20ಕ್ಕೂ ಹೆಚ್ಚು ಗಂಡುಮಕ್ಕಳು. ಆ ಮಕ್ಕಳ ಮಕ್ಕಳೆಲ್ಲ ಹಕ್ಕುದಾರರು! ಅವರಲ್ಲಿ ಎರಡು ಕವಲು ನಮ್ಮ ಕಥೆಗೆ ಮುಖ್ಯ. ಒಂದು ರೋರಿಯದು. ಐರ್ಲೆಂಡಿನ ಕೊನೆಯ ಮಹಾರಾಜ ಎನಿಸಿಕೊಂಡ ಅವನು 1198ರಲ್ಲಿ ಸತ್ತ. ಇನ್ನೊಂದು ಅವನ ತಮ್ಮ ಕಾಹಲ್ ಕ್ರೋವ್‌ಡರ್ಗ್‌ನದು, ಎಂದರೆ ಕೆಂಪು ಕೈಯ ಕಾಹಲ್. ಫೆಲಿಮ್ ಈ ಕಾಹಲ್‌ನ ಮಗ. ಹಾಗಾಗಿ ರೋರಿಯ ಮಕ್ಕಳು ಫೆಲಿಮನಿಗೆ ದೊಡ್ಡಪ್ಪನ ಮಕ್ಕಳು. ಮುಂದೆ ನಡೆಯುವ ಕೊಲೆಗಳಲ್ಲಿ ಬಹುಪಾಲು ಈ ಎರಡು ಮನೆಗಳ ನಡುವಿನದು.

ಒಂದು ಕಿರಿಕಿರಿಯನ್ನು ಇಲ್ಲೇ ಹೇಳಿಬಿಡುತ್ತೇನೆ. ಈ ಮನೆತನದಲ್ಲಿ ಏದ್ ಎಂಬ ಹೆಸರಿನವರು ಲೆಕ್ಕವಿಲ್ಲದಷ್ಟು. ಫೆಲಿಮನ ಅಣ್ಣನೂ ಏದ್, ದೊಡ್ಡಪ್ಪನ ಮಗನೂ ಏದ್, ಸ್ವಂತ ಮಗನೂ ಏದ್. ಗೊಂದಲ ಆಗದಿರಲಿ ಎಂದು ಅಣ್ಣ ಏದ್, ದಾಯಾದಿ ಏದ್, ಮಗ ಏದ್ ಎಂದೇ ಕರೆಯುತ್ತೇನೆ.

ಒಂದು ನಾಡಿಗೆ ಎರಡು ಪತ್ರ

ಇನ್ನು ಬ್ಯಾರನ್‌ಗಳು. 1169ರಿಂದ ಆಂಗ್ಲೋ-ನಾರ್ಮನ್ ಯೋಧರು ಐರ್ಲೆಂಡಿಗೆ ಬಂದು ನೆಲೆಯೂರುತ್ತಿದ್ದರು. ಪೂರ್ವ ಮತ್ತು ದಕ್ಷಿಣದ ಬಹುಭಾಗ ಬೇಗ ಅವರ ಕೈ ಸೇರಿತು. ಶ್ಯಾನನ್ ನದಿಯ ಆಚೆಯ ಕಾನಾಟ್ ಇನ್ನೂ ಉಳಿದಿತ್ತು. ಕೆಂಪು ಕೈಯ ಕಾಹಲ್ ಜಾಣ. ಇವರ ಜೊತೆ ಯುದ್ಧಕ್ಕಿಂತ ಕಾಗದಪತ್ರ ವಾಸಿ ಎಂದು ಅವನಿಗೆ ಅರ್ಥವಾಗಿತ್ತು. ಇಂಗ್ಲೆಂಡಿನ ರಾಜ ಜಾನ್‌ನಿಂದ 1215ರಲ್ಲಿ ಸನದು ಬರೆಸಿಕೊಂಡ. ವರ್ಷಕ್ಕೆ 300 ಮಾರ್ಕ್ ಕಂದಾಯ ಕೊಟ್ಟು, ನಿಷ್ಠೆಯಿಂದ ಇದ್ದರೆ ಕಾನಾಟ್ ಅವನದು. ಮಾರ್ಕ್ ಎಂದರೆ ಆಗಿನ ಒಂದು ಪೌಂಡಿನ ಮೂರನೇ ಎರಡು ಭಾಗ.

ಜಾನ್ ಇನ್ನೊಂದು ಕೆಲಸವನ್ನೂ ಮಾಡಿದ. ಅದೇ ವರ್ಷ ಅದೇ ಕಾನಾಟನ್ನು ರಿಚರ್ಡ್ ಡಿ ಬರ್ಗ್ ಎಂಬ ಬ್ಯಾರನ್ನನಿಗೂ ಬರೆದುಕೊಟ್ಟ. ಒಂದೇ ಸೈಟನ್ನು ಇಬ್ಬರಿಗೆ ರಿಜಿಸ್ಟರ್ ಮಾಡಿಸಿದ ಹಾಗೆ. ಎರಡನೇ ಪತ್ರವನ್ನು ಸದ್ಯಕ್ಕೆ ಪೆಟ್ಟಿಗೆಯಲ್ಲಿ ಇಟ್ಟಿದ್ದರು, ಅಷ್ಟೇ. ಕಾಹಲ್ ಮನೆಯವರು ಯಾವತ್ತು ತಪ್ಪು ಮಾಡುತ್ತಾರೋ ಅವತ್ತು ತೆಗೆದರಾಯಿತು. ನಿಷ್ಠೆಯಿಂದ ಇದ್ದರೆ ಎಂಬ ಷರತ್ತಿನ ಕೆಲಸವೂ ಅದೇ.

1224ರಲ್ಲಿ ಕಾಹಲ್ ಸತ್ತ. ಅಣ್ಣ ಏದ್ ಪಟ್ಟಕ್ಕೆ ಬಂದ. ಮರುವರ್ಷವೇ ರೋರಿಯ ಮಕ್ಕಳು ಉತ್ತರದ ಓ ನೀಲ್ ರಾಜನ ಸೈನ್ಯ ಕರೆದುಕೊಂಡು ಏರಿ ಬಂದರು. ಅಣ್ಣ ಏದ್ ಬ್ಯಾರನ್‌ಗಳ ಸೈನ್ಯ ಕರೆಸಿ ಅವರನ್ನು ಓಡಿಸಿದ. ಎರಡೂ ಕಡೆಯ ಸೈನ್ಯ ತುಳಿದಾಡಿದ ನಾಡಿಗೆ ಬರ ಬಂತು, ರೋಗ ಬಂತು. ಬ್ಯಾರನ್‌ಗಳಿಗೆ ಒಂದು ಪಾಠ ಚೆನ್ನಾಗಿ ಮನದಟ್ಟಾಯಿತು. ಕಾನಾಟ್‌ಗೆ ನುಗ್ಗಲು ನೆಪ ಹುಡುಕಬೇಕಾಗಿಲ್ಲ, ಅಲ್ಲಿಯವರೇ ಕರೆಯುತ್ತಾರೆ. 1227ರಲ್ಲಿ, ಜಾನ್‌ನ ಮಗ ಮೂರನೇ ಹೆನ್ರಿಯ ಕಾಲದಲ್ಲಿ, ಪೆಟ್ಟಿಗೆಯ ಪತ್ರ ಹೊರಗೆ ಬಂತು. ಕಾನಾಟ್‌ನ 30 ವಿಭಾಗಗಳಲ್ಲಿ 25 ರಿಚರ್ಡ್ ಡಿ ಬರ್ಗ್‌ಗೆ ಹೋದವು. ಅಥ್ಲೋನ್ ಪಟ್ಟಣಕ್ಕೆ ಹತ್ತಿರದ ಐದನ್ನು ರಾಜ ತನಗೇ ಇಟ್ಟುಕೊಂಡ. ಈ ಐದನ್ನು ನೆನಪಿಟ್ಟುಕೊಳ್ಳಿ. ಫೆಲಿಮನ ಉಳಿದ ಬದುಕೆಲ್ಲ ಈ ಐದರ ಸುತ್ತಲೇ ಸುತ್ತುತ್ತದೆ.

ಅಣ್ಣ ಏದ್‌ನ ಕೊನೆ ವಿಚಿತ್ರವಾಗಿತ್ತು. 1228ರಲ್ಲಿ ಅವನು ಜೆಫ್ರಿ ಡಿ ಮಾರಿಸ್ಕೋ ಎಂಬ ದೊಡ್ಡ ಅಧಿಕಾರಿಯ ಮನೆಗೆ ಹೋಗಿದ್ದ. ಅಲ್ಲಿ ಬಡಗಿಯೊಬ್ಬನ ಹೆಂಡತಿ ಅವನಿಗೆ ಸ್ನಾನ ಮಾಡಿಸುತ್ತಿದ್ದಳು. ಅತಿಥಿಗೆ ಹೀಗೆ ಸ್ನಾನ ಮಾಡಿಸುವುದು ಆಗ ಉಪಚಾರದ ಭಾಗ. ಅವನು ಅವಳಿಗೆ ಮುತ್ತು ಕೊಟ್ಟನಂತೆ. ಬಡಗಿ ತನ್ನ ಕೊಡಲಿಯಿಂದಲೇ ಅವನ ತಲೆಗೆ ಹೊಡೆದ. ಐರಿಷ್ ಮಠಗಳ ವರ್ಷಾವಳಿಗಳು ಹೇಳುವ ಕಥೆ ಇದು. ಕೊಂದವನನ್ನು ಗಲ್ಲಿಗೇರಿಸಿದರು. ಹೊಟ್ಟೆಕಿಚ್ಚಿನ ಗಂಡನ ಕೆಲಸವೋ, ಯಾರೋ ಮಾಡಿಸಿದ ಕೊಲೆಯೋ ಎಂಬ ಗುಮಾನಿ ಓದುವ ಯಾರಿಗೂ ಬರುತ್ತದೆ.

ಸೆರೆ, ಬಿಡುಗಡೆ, ಸೇಡು

ಅಣ್ಣ ಹೋದ ಮೇಲೆ ಡಿ ಬರ್ಗ್ ರೋರಿಯ ಮಗ ದಾಯಾದಿ ಏದ್‌ನನ್ನು ಪಟ್ಟದಲ್ಲಿ ಕೂರಿಸಿದ. ಆದರೆ ನಾಡಿನ ಪಾಳೆಯಗಾರರಿಗೆ ಇದು ಹಿಡಿಸಲಿಲ್ಲ. ಪರಕೀಯರ ಮನೆ ಬಾಗಿಲಿಗೆ ನಮ್ಮನ್ನು ಕರೆದೊಯ್ಯುವ ರಾಜ ನಮಗೆ ಬೇಡ ಎಂದು ಅವನ ಮೇಲೆ ಒತ್ತಡ ಹಾಕಿದರು. ಅವನು ಮನಸ್ಸಿಲ್ಲದ ಮನಸ್ಸಿನಿಂದ ಬ್ಯಾರನ್‌ಗಳ ವಿರುದ್ಧ ತಿರುಗಿದ. 1230ರಲ್ಲಿ ಡಿ ಬರ್ಗ್ ಸೈನ್ಯ ತಂದು ಅವನನ್ನು ಓಡಿಸಿದ. ಆ ಸೈನ್ಯದ ಜೊತೆಗೇ ಬಂದಿದ್ದವನು ನಮ್ಮ ಫೆಲಿಮ್. ಅವನ ಮೊದಲ ಪಟ್ಟ ಹೀಗೆ ಬ್ಯಾರನ್ ಕೊಟ್ಟ ಪಟ್ಟ. ಇದನ್ನು ಮುಚ್ಚಿಟ್ಟು ಅವನನ್ನು ಸ್ವಾತಂತ್ರ್ಯ ಹೋರಾಟಗಾರ ಮಾಡಬೇಕಾಗಿಲ್ಲ.

ಕೊಟ್ಟವನೇ ಕಿತ್ತುಕೊಂಡ. ಮರುವರ್ಷ ಮೀಲಿಕ್‌ನಲ್ಲಿ ಡಿ ಬರ್ಗ್ ಫೆಲಿಮನನ್ನು ಹಿಡಿದು ಸೆರೆಯಲ್ಲಿಟ್ಟ. ಏನೂ ಆಗುವುದಿಲ್ಲ ಎಂದು ದೊಡ್ಡವರೆಲ್ಲ ಮಾತು ಕೊಟ್ಟಿದ್ದರು. ಆ ಮಾತು ನೀರಿಗೆ ಹೋಯಿತು. 1232ರಲ್ಲಿ ದಾಯಾದಿ ಏದ್ ಮತ್ತೆ ರಾಜ. ಡಿ ಬರ್ಗ್ ಗಾಲ್ವೇಯಲ್ಲಿ ಕೋಟೆ ಕಟ್ಟಿಸಿದ.

ಫೆಲಿಮನನ್ನು ಬಿಡಿಸಿದ್ದು ಅವನ ಕತ್ತಿಯಲ್ಲ, ಲಂಡನ್ನಿನ ರಾಜಕೀಯ. ಇಂಗ್ಲೆಂಡಿನ ಆಡಳಿತವನ್ನೇ ಕೈಯಲ್ಲಿಟ್ಟುಕೊಂಡಿದ್ದ ಹ್ಯೂಬರ್ಟ್ ಡಿ ಬರ್ಗ್ ರಿಚರ್ಡ್‌ನ ಹತ್ತಿರದ ಸಂಬಂಧಿ. 1232ರಲ್ಲಿ ರಾಜ ಹೆನ್ರಿ ಅವನನ್ನು ಕಿತ್ತುಹಾಕಿದ. ಅವನ ಜೊತೆ ಇಡೀ ಕುಟುಂಬದ ಮೇಲೆ ರಾಜನ ಮುನಿಸು. ಫೆಲಿಮನನ್ನು ಬಿಡಿ ಎಂಬ ಆಜ್ಞೆ ಬಂತು. ಹೊರಗೆ ಬಂದವನು ಕಾಯಲಿಲ್ಲ. 1233ರಲ್ಲಿ ಮೋಯ್ಲರ್ಗ್‌ನ ಪಾಳೆಯಗಾರ ಕಾರ್ಮಾಕ್ ಮ್ಯಾಕ್‌ಡರ್ಮಟ್‌ನ ಬೆಂಬಲದಿಂದ ದಾಯಾದಿ ಏದ್‌ನ ಮೇಲೆ ಬಿದ್ದ. ಆ ದಿನ ದಾಯಾದಿ ಏದ್ ಸತ್ತ, ಅವನ ತಮ್ಮ ಸತ್ತ, ಮಗನೂ ಸತ್ತ. ಆಮೇಲೆ ಗಾಲ್ವೇ ಸೇರಿದಂತೆ ಡಿ ಬರ್ಗ್‌ನ ಕೋಟೆಗಳನ್ನು ಒಂದೊಂದಾಗಿ ಕೆಡವಿದ.

ರೋರಿಯ ವಂಶ ಹೀಗೆ ಮಣ್ಣುಪಾಲಾದದ್ದಕ್ಕೆ ವರ್ಷಾವಳಿ ಬರೆದವರು ಒಂದು ಕಾರಣ ಕೊಡುತ್ತಾರೆ. ಪೋಪ್ ರೋರಿಗೆ ಹೇಳಿ ಕಳಿಸಿದ್ದರಂತೆ: ನೀನು ಬೇರೆ ಹೆಂಗಸರ ಸಹವಾಸ ಬಿಟ್ಟರೆ ಐರ್ಲೆಂಡ್ ನಿನಗೂ ನಿನ್ನ ಸಂತತಿಗೂ ಶಾಶ್ವತ, ಬೇಕಾದರೆ ಆರು ಹೆಂಡತಿಯರನ್ನು ಇಟ್ಟುಕೋ. ರೋರಿ ಒಪ್ಪಲಿಲ್ಲ. ಅದಕ್ಕೇ ದೇವರು ಅವನ ಸಂತತಿಯಿಂದ ರಾಜ್ಯ ಕಿತ್ತುಕೊಂಡ. ಆರು ಹೆಂಡತಿಯರಿಗೆ ಅನುಮತಿ ಕೊಡುವ ಪೋಪ್ ಎಲ್ಲಿದ್ದಾರು ಎಂದು ಕೇಳಬೇಡಿ. ಗೆದ್ದವರ ಕಡೆಯವರು ಸೋತವರ ಬಗ್ಗೆ ಬರೆದ ಮಾತು ಇದು.

ಸರೋವರದ ಮೇಲಿನ ಕೋಟೆ

ಫೆಲಿಮನ ಗೆಲುವು ಎರಡು ವರ್ಷ ಬಾಳಿತು. 1234ರಲ್ಲಿ ಐರ್ಲೆಂಡಿನಲ್ಲಿ ರಿಚರ್ಡ್ ಮಾರ್ಷಲ್ ಎಂಬ ದೊಡ್ಡ ಬ್ಯಾರನ್ ರಾಜನ ವಿರುದ್ಧ ಎದ್ದ. ಅವನನ್ನು ಮುಗಿಸಲು ನೆರವಾಗಿ ಡಿ ಬರ್ಗ್ ಮತ್ತೆ ಹೆನ್ರಿಯ ಕೃಪೆ ಗಳಿಸಿದ. 1235ರಲ್ಲಿ ಐರ್ಲೆಂಡಿನ ಬ್ಯಾರನ್‌ಗಳೆಲ್ಲ ಒಟ್ಟಾಗಿ ಕಾನಾಟ್ ಮೇಲೆ ಏರಿ ಬಂದರು. ಅವರ ಮುಂದಾಳು ಮಾರಿಸ್ ಫಿಟ್ಸ್‌ಜೆರಾಲ್ಡ್. ಅವನು ಆಗ ಜಸ್ಟಿಶಿಯರ್, ಅಂದರೆ ಐರ್ಲೆಂಡಿನಲ್ಲಿ ಇಂಗ್ಲೆಂಡಿನ ರಾಜನ ಪ್ರತಿನಿಧಿ.

ಫೆಲಿಮ್ ಎದುರು ನಿಲ್ಲಲಿಲ್ಲ. ನಾಡಿನ ದನಗಳನ್ನು ಹೊಡೆದುಕೊಂಡು ಉತ್ತರಕ್ಕೆ, ಇಂದಿನ ಡೊನೆಗಾಲ್ ಭಾಗದ ರಾಜ ಓ ಡಾನೆಲ್‌ನ ಬಳಿಗೆ ಹೊರಟುಬಿಟ್ಟ. ಇದು ಹೇಡಿತನದ ಹಾಗೆ ಕಾಣುತ್ತದೆ, ಅಲ್ವಾ? ಆದರೆ ಅಲ್ಲಿನ ಸಂಪತ್ತು ಯಾವುದು ಎಂದು ಯೋಚಿಸಿ. ಗಾಲ್ವೇಯಂಥ ಊರುಗಳು ಆಗಿನ್ನೂ ತಲೆಯೆತ್ತುತ್ತಿದ್ದವು, ನಾಣ್ಯದ ಚಲಾವಣೆ ಕಡಿಮೆ. ಸಾಮಂತರು ರಾಜನಿಗೆ ಕೊಡುವ ಕಪ್ಪ ದನ. ದಂಡ ಕಟ್ಟುವುದು ದನದಲ್ಲಿ. ಸೈನಿಕನ ಹೊಟ್ಟೆ ತುಂಬುವುದೂ ದನದಿಂದಲೇ. ದನ ಕಳೆದುಕೊಂಡ ರಾಜನ ಹಿಂದೆ ಯಾರೂ ನಿಲ್ಲುವುದಿಲ್ಲ. ಭೂಮಿಯನ್ನು ಶತ್ರು ಹೊತ್ತುಕೊಂಡು ಹೋಗುವ ಹಾಗಿಲ್ಲ, ದನವನ್ನು ಹೊಡೆದುಕೊಂಡು ಹೋಗಬಹುದು. ಹಾಗಾಗಿ ದನ ಉಳಿಸಿಕೊಂಡು ಓಡಿದವನು ಅರ್ಧ ಯುದ್ಧ ಗೆದ್ದ ಹಾಗೆ.

ಆ ವರ್ಷದ ದಂಡಯಾತ್ರೆಯನ್ನು ವರ್ಷಾವಳಿಗಳು ಕಣ್ಣಾರೆ ನೋಡಿದಂತೆ ಬರೆದಿವೆ. ಬಹುಶಃ ನೋಡಿದವರೇ ಬರೆದದ್ದು. ಸೈನಿಕರು ಬಾಯ್ಲ್ ಎಂಬ ಊರಿನ ಮಠಕ್ಕೆ ನುಗ್ಗಿದರು. ಪೂಜೆಯ ಬಟ್ಟಲು, ಬಟ್ಟೆ ಎಲ್ಲ ದೋಚಿದರು, ಸನ್ಯಾಸಿಗಳು ಮೈಮೇಲೆ ಹಾಕಿಕೊಂಡಿದ್ದನ್ನೂ ಬಿಡಲಿಲ್ಲ. ಮುಂದಾಳುಗಳಿಗೆ ಇದು ತಿಳಿದಾಗ ಅಸಹ್ಯವಾಯಿತು. ಸಿಕ್ಕಿದ್ದನ್ನು ವಾಪಸ್ ಕೊಡಿಸಿದರು, ಸಿಗದೇ ಹೋದದ್ದಕ್ಕೆ ದುಡ್ಡು ಕೊಟ್ಟರು.

ಅಲ್ಲಿಂದ ಅವರು ಲಾಕ್ ಕೀ ಸರೋವರಕ್ಕೆ ಬಂದರು. ಅದರ ನಡುವಿನ ಸಣ್ಣ ದ್ವೀಪದಲ್ಲಿ ಫೆಲಿಮನ ಗೆಳೆಯ ಕಾರ್ಮಾಕ್ ಮ್ಯಾಕ್‌ಡರ್ಮಟ್‌ನ ಕೋಟೆ. ಸುತ್ತ ನೀರು. ಏಣಿ ಹಾಕುವ ಹಾಗಿಲ್ಲ, ಗೋಡೆ ಕೊರೆಯುವ ಹಾಗಿಲ್ಲ. ಮೊದಲು ದೋಣಿಗಳ ಮೇಲೆ ಕಲ್ಲು ಎಸೆಯುವ ಯಂತ್ರ ನಿಲ್ಲಿಸಿ ಹೊಡೆದರು. ಕೋಟೆ ಜಗ್ಗಲಿಲ್ಲ. ಆಮೇಲೆ ಹತ್ತಿರದ ಆರ್ಡ್‌ಕಾರ್ನ್ ಎಂಬ ಊರಿನ ಮನೆಗಳನ್ನು ಕಿತ್ತು ಮರ ತಂದರು. ತೆಪ್ಪ ಕಟ್ಟಿ, ಮುಳುಗದಿರಲಿ ಎಂದು ಕೆಳಗೆ ಖಾಲಿ ಪೀಪಾಯಿ ಬಿಗಿದು, ಮೇಲೆ ಸೌದೆ ಒಟ್ಟಿದರು. ಅದನ್ನು ಹಲಗೆ ಹೊದಿಸಿದ ದೊಡ್ಡ ದೋಣಿಯಿಂದ ಎಳೆದು ಕೋಟೆಗೆ ತಾಗಿಸಿ ಬೆಂಕಿ ಇಡುವುದು ಉಪಾಯ. ಒಳಗಿದ್ದವರು ಅದನ್ನು ನೋಡಿ ಬೆದರಿ ಶರಣಾದರು.

ಗೆದ್ದವರು ಅಲ್ಲಿ ಕಾವಲು ಪಡೆ ಇಟ್ಟು, ಅನ್ನ ಪಾನ ತುಂಬಿಸಿ ಹೋದರು. ಸ್ವಲ್ಪ ದಿನಕ್ಕೆ ಪಡೆಯ ಮುಖ್ಯಸ್ಥ ತನ್ನವರ ಜೊತೆ ಏನೋ ಕೆಲಸಕ್ಕೆಂದು ಹೊರಗೆ ಹೋದ. ಒಳಗೆ ಅವರದೇ ಕಡೆಯಲ್ಲಿದ್ದ ಒಬ್ಬ ಐರಿಷ್ ಮನುಷ್ಯ ಬಾಗಿಲು ಹಾಕಿಕೊಂಡ! ಅಷ್ಟೇ. ಕೋಟೆ ಮತ್ತೆ ಕಾರ್ಮಾಕ್‌ನ ಕೈಗೆ. ಹೊರಗುಳಿದ ಸೈನಿಕರು ಪಕ್ಕದ ಟ್ರಿನಿಟಿ ದ್ವೀಪದ ಮಠಕ್ಕೆ ಓಡಿದರು. ಕ್ಲಾರಸ್ ಮ್ಯಾಕ್ ಮೈಲಿನ್ ಎಂಬ ಪಾದ್ರಿ ಅವರನ್ನು ಜೀವಸಹಿತ ದಾಟಿಸಿದ. ಕಾರ್ಮಾಕ್ ಆಮೇಲೆ ಮಾಡಿದ್ದು ಇನ್ನೂ ಕುತೂಹಲದ್ದು. ಸ್ವಂತ ಕೋಟೆಯನ್ನೇ ಕೆಡವಿಸಿದ. ಮತ್ತೆ ಯಾರೂ ಅದನ್ನು ಹಿಡಿದು ತನ್ನ ಎದೆಯ ಮೇಲೆ ಕೂರದಿರಲಿ ಎಂದು. ಒಟ್ಟು ದಂಡಯಾತ್ರೆಯಲ್ಲಿ ಯಾರು ಗೆದ್ದರು ಎಂದು ಹೇಳುವುದು ಕಷ್ಟವಲ್ಲ, ಡಿ ಬರ್ಗ್ ಗೆದ್ದ. ಆದರೆ ಇಂಥ ನಾಡನ್ನು ಗೆದ್ದ ಮೇಲೆ ಹಿಡಿದಿಟ್ಟುಕೊಳ್ಳುವುದು ಎಷ್ಟು ತಲೆನೋವು ಎಂಬುದೂ ಇಲ್ಲೇ ಕಾಣುತ್ತದೆ.

ಫೆಲಿಮ್ ಸಂಧಿ ಮಾಡಿಕೊಂಡ. 25 ವಿಭಾಗ ಹೋಯಿತು. ಅಥ್ಲೋನ್ ಹತ್ತಿರದ ಐದು ವಿಭಾಗಗಳಲ್ಲಿ ರಾಜನಿಗೆ ಗೇಣಿ ಕೊಟ್ಟು ಇರಬಹುದು ಎಂದಾಯಿತು. 1236ರಲ್ಲಿ ಜಸ್ಟಿಶಿಯರ್ ಸಭೆಗೆ ಕರೆದ. ಹಿಡಿಯುತ್ತಾರೆ ಎಂಬ ಸುಳಿವು ಸಿಕ್ಕಿ ಫೆಲಿಮ್ ತಪ್ಪಿಸಿಕೊಂಡು ಮತ್ತೆ ಓ ಡಾನೆಲ್ ಬಳಿಗೆ ಓಡಿದ. ರೋರಿಯ ಮೊಮ್ಮಗ ಬ್ರಯನ್‌ನನ್ನು ಅವನ ಜಾಗದಲ್ಲಿ ಕೂರಿಸಿದರು. 1237ರಲ್ಲಿ ಫೆಲಿಮ್ ಬಂದು ಅವನ ಪಡೆಯನ್ನು ಚದುರಿಸಿದ. ಜಸ್ಟಿಶಿಯರ್‌ಗೂ ಸಾಕಾಗಿತ್ತು. ಐದು ವಿಭಾಗ ಫೆಲಿಮನಿಗೇ ಬಿಟ್ಟ. ರೋರಿಯ ಕವಲಿನ ಕಾಟ ಅಲ್ಲಿಗೆ ಮುಗಿಯಿತು.

ದೂರು ಕೊಡುವ ಕಲೆ

ಇಲ್ಲಿಂದ ಫೆಲಿಮನ ನಿಜವಾದ ಜಾಣತನ ಕಾಣುತ್ತದೆ. ಅವನ ಐದು ವಿಭಾಗ ಬ್ಯಾರನ್ ಕೊಟ್ಟದ್ದಲ್ಲ, ರಾಜನ ಸ್ವಂತ ಜಮೀನು. ಅಂದರೆ ಡಿ ಬರ್ಗ್ ಮತ್ತು ಫೆಲಿಮ್ ಇಬ್ಬರೂ ಒಬ್ಬನೇ ಒಡೆಯನ ಕೆಳಗಿನ ಒಕ್ಕಲು. ಹಾಗಿದ್ದ ಮೇಲೆ ನೆರೆಯವನ ಕಾಟದ ಬಗ್ಗೆ ಒಡೆಯನಿಗೇ ಹೇಳಬಹುದಲ್ಲ? 1240ರಲ್ಲಿ ಅವನು ಸಮುದ್ರ ದಾಟಿ ಹೆನ್ರಿಯ ಎದುರು ನಿಂತು ದೂರು ಕೊಟ್ಟ. ಹೆನ್ರಿ ಮರ್ಯಾದೆಯಿಂದ ನಡೆಸಿಕೊಂಡು ಕಳಿಸಿದ. 1245ರಲ್ಲಿ ಹೆನ್ರಿ ವೇಲ್ಸ್‌ನಲ್ಲಿ ಡೆಗಾನ್ವಿ ಕೋಟೆಯ ಹತ್ತಿರ ಯುದ್ಧಕ್ಕೆ ಕೂತಾಗ ಫೆಲಿಮ್ ದೊಡ್ಡ ಪಡೆ ಕಟ್ಟಿಕೊಂಡು ಸಹಾಯಕ್ಕೆ ಹೋದ. ಎಲ್ಲಿಯ ಕಾನಾಟ್, ಎಲ್ಲಿಯ ವೇಲ್ಸ್! ತನ್ನದಲ್ಲದ ಯುದ್ಧದಲ್ಲಿ ಬೆವರು ಸುರಿಸಿ, ತನ್ನ ಮನೆಯ ಯುದ್ಧದಲ್ಲಿ ರಾಜನ ಕಣ್ಣು ತನ್ನ ಕಡೆಗಿರುವಂತೆ ನೋಡಿಕೊಳ್ಳುವುದು ಅವನ ಲೆಕ್ಕ.

ಲೆಕ್ಕ ಅರ್ಧ ಫಲಿಸಿತು ಅನ್ನಬಹುದು. ರಾಜನ ಸ್ನೇಹ ಇದ್ದಷ್ಟು ದಿನ ಫೆಲಿಮನನ್ನು ಪೂರ್ತಿ ಮುಗಿಸಲು ಯಾರಿಗೂ ಆಗಲಿಲ್ಲ. ಆದರೆ ಹೆನ್ರಿಗೆ ತನ್ನ ಸುತ್ತಲಿನವರನ್ನು ಖುಷಿಪಡಿಸಲು ಜಮೀನು ಬೇಕಿತ್ತು. ಆ ಐದು ವಿಭಾಗಗಳಲ್ಲೇ ಕೆಲವನ್ನು ಮುಂದೆ ಬೇರೆಯವರಿಗೆ ಹಂಚಿದ. ದೂರು ಕೇಳುವವನೇ ಬೇಲಿ ಸರಿಸುತ್ತಿದ್ದ.

ಮನೆಯೊಳಗೆ ಈಗ ಹೊಸ ಸಮಸ್ಯೆ ಬೆಳೆಯುತ್ತಿತ್ತು. ಅದು ಮಗ ಏದ್. ಅಪ್ಪನ ಹಾಗೆ ಪತ್ರ ಬರೆಯುವ ತಾಳ್ಮೆ ಅವನಿಗಿಲ್ಲ. 1249ರಲ್ಲಿ ಸ್ಲೈಗೋ ಕಡೆ ಹೊರಟಿದ್ದ ಬ್ಯಾರನ್ ಮನೆತನಗಳ ಹುಡುಗರನ್ನು ದಾರಿಯಲ್ಲಿ ಅಡ್ಡಗಟ್ಟಿ ಕೊಂದ. ಅದರ ಫಲ ಅಪ್ಪನ ತಲೆಗೆ ಬಂತು. ಸೈನ್ಯ ಬಂದಾಗ ಫೆಲಿಮ್ ಮಾಮೂಲಿನಂತೆ ದನ ಹೊಡೆದುಕೊಂಡು ಉತ್ತರಕ್ಕೆ ಹೋದ. ಬ್ಯಾರನ್‌ಗಳು ಈ ಸಲ ಅಣ್ಣ ಏದ್‌ನ ಮಗ ಟರ್ಲೋನನ್ನು ರಾಜ ಎಂದು ಸಾರಿದರು. ದೊಡ್ಡಪ್ಪನ ಮಕ್ಕಳು ಮುಗಿದ ಮೇಲೆ ಅಣ್ಣನ ಮಗನ ಸರದಿ. ಐರಿಷ್ ಪದ್ಧತಿಯಲ್ಲಿ ಇದು ಯಾವತ್ತೂ ಬರಿದಾಗದ ಬಾವಿ. ಒಬ್ಬ ರಾಜ ಮಾತು ಕೇಳದಿದ್ದರೆ ಅಷ್ಟೇ ಹಕ್ಕಿರುವ ಇನ್ನೊಬ್ಬ ಸಿದ್ಧವಾಗಿರುತ್ತಾನೆ. ಬ್ಯಾರನ್‌ಗಳು ಯಾರನ್ನೂ ಹೊಸದಾಗಿ ಸೃಷ್ಟಿಸಬೇಕಾಗಿರಲಿಲ್ಲ, ಆರಿಸಿದರೆ ಸಾಕಿತ್ತು.

1250ರಲ್ಲಿ ಫೆಲಿಮ್ ಉತ್ತರದ ಸೈನ್ಯದ ಜೊತೆ ವಾಪಸ್ ಬಂದು ಟರ್ಲೋನನ್ನು ಓಡಿಸಿದ. ಆಮೇಲೆ ಅವನು ಮಾಡಿದ್ದನ್ನು ಗಮನಿಸಿ. ನಾಡಿನ ದನಗಳನ್ನೆಲ್ಲ ಕೂಡಿಹಾಕಿಕೊಂಡು ಮತ್ತೆ ಹೊರಟ. ಬ್ಯಾರನ್‌ಗಳಿಗೆ ಗಾಬರಿಯಾಯಿತು. ದನವಿಲ್ಲದ, ಜನ ಚದುರಿದ ನಾಡು ಇಟ್ಟುಕೊಂಡು ಅವರೇನು ಮಾಡಬೇಕು? ಹಿಂದೆಯೇ ದೂತರನ್ನು ಕಳಿಸಿ, ಸಂಧಿ ಮಾಡಿ, ಪಟ್ಟ ವಾಪಸ್ ಕೊಟ್ಟರು. ಹೊರಟು ನಿಂತೇ ಗೆದ್ದ ಗೆಲುವು ಇದು.

ಅಪ್ಪನ ಪತ್ರ, ಮಗನ ಕೊಡಲಿ

1253ರಲ್ಲಿ ಫೆಲಿಮ್ ರಾಸ್‌ಕಾಮನ್ ಊರಿನಲ್ಲಿ ಡೊಮಿನಿಕನ್ ಸನ್ಯಾಸಿಗಳಿಗೆ ಮಠ ಕಟ್ಟಿಸಿಕೊಟ್ಟ. ವಯಸ್ಸಾಗುತ್ತಿತ್ತು. ಕತ್ತಿ ಹಿಡಿಯುವ ಕೆಲಸವೆಲ್ಲ ಈಗ ಮಗ ಏದ್‌ನದು. ಏದ್‌ನ ಯೋಚನೆ ಬೇರೆ ಮಟ್ಟದ್ದು. 1258ರಲ್ಲಿ ಅವನು ಉತ್ತರದ ಬ್ರಯನ್ ಓ ನೀಲ್ ಮತ್ತು ದಕ್ಷಿಣದ ಓ ಬ್ರಯನ್ ರಾಜನ ಮಗ ಟೈಗ್ ಜೊತೆ ಕಾಲ್ ಇಷ್ಕೆ ಎಂಬಲ್ಲಿ ಸೇರಿದ. ಅಲ್ಲಿ ಓ ನೀಲ್‌ನನ್ನು ಐರ್ಲೆಂಡಿನ ಐರಿಷರ ರಾಜ ಎಂದು ಒಪ್ಪಿಕೊಂಡ. ಮರುವರ್ಷ ಸ್ಕಾಟ್ಲೆಂಡಿನ ಪಶ್ಚಿಮ ದ್ವೀಪಗಳ ದೊರೆ ಡೂಗಲ್ ಮ್ಯಾಕ್‌ರೋರಿಯ ಮಗಳನ್ನು ಮದುವೆಯಾಗಲು ಡೆರಿಗೆ ಹೋದ. ಮದುಮಗಳ ಜೊತೆ ಬಂದದ್ದು 160 ಸೈನಿಕರು! ಉದ್ದ ಹಿಡಿಯ ಕೊಡಲಿ, ಉಕ್ಕಿನ ಬಳೆಗಳ ಅಂಗಿ, ಯುದ್ಧ ಬಿಟ್ಟರೆ ಬೇರೆ ಕಸುಬಿಲ್ಲದ ಜನ. ಮುಂದೆ ಗ್ಯಾಲೊಗ್ಲಾಸ್ ಎಂದು ಹೆಸರಾದ ಇಂಥ ಬಾಡಿಗೆ ಯೋಧರು 300ಕ್ಕೂ ಹೆಚ್ಚು ವರ್ಷ ಐರಿಷ್ ಯುದ್ಧಗಳ ಬೆನ್ನೆಲುಬಾದರು. ಬ್ಯಾರನ್‌ಗಳ ಕುದುರೆ ಪಡೆಯ ಎದುರು ನೆಲ ಬಿಡದೆ ನಿಲ್ಲಬಲ್ಲ ಕಾಲಾಳುಗಳು ಐರಿಷ್ ರಾಜರಿಗೆ ಅಲ್ಲಿಯವರೆಗೆ ಇರಲಿಲ್ಲ.

1260ರಲ್ಲಿ ಡೌನ್ ಎಂಬಲ್ಲಿ ನಡೆದ ಯುದ್ಧದಲ್ಲಿ ಓ ನೀಲ್ ಸತ್ತ. ಕಾನಾಟ್‌ನ ಎಷ್ಟೋ ಪಾಳೆಯಗಾರರೂ ಸತ್ತರು. ಏದ್ ಬದುಕಿ ಬಂದ. ಈಗ ಅಪ್ಪನ ಸರದಿ. ಫೆಲಿಮ್ ಹೆನ್ರಿಗೆ ಬರೆದ ಒಂದು ಲ್ಯಾಟಿನ್ ಪತ್ರ ಉಳಿದಿದೆ. ಐರಿಷರು ಏನೇ ಮಾತು ಕೊಡಲಿ ನಿಮ್ಮ ಸೇವೆ ಬಿಡಲಾರೆ, ನನ್ನನ್ನೂ ನನ್ನ ಜನರನ್ನೂ ನನ್ನ ಮಗ ಏದ್‌ನನ್ನೂ ನಿಮ್ಮ ಆಶ್ರಯಕ್ಕೆ ಒಪ್ಪಿಸಿದ್ದೇನೆ ಎಂಬುದು ಅದರ ಸಾರಾಂಶ. ಜೊತೆಗೆ, ರಿಚರ್ಡ್‌ನ ಮಗ ವಾಲ್ಟರ್ ಡಿ ಬರ್ಗ್ ಮಾಡಿದ ಹಾನಿಯ ಬಗ್ಗೆ ದೂರು. ಮಗ ಕೊಡಲಿಯವರನ್ನು ಕರೆದುಕೊಂಡು ಊರು ಸುಡುತ್ತಿದ್ದಾನೆ, ಅಪ್ಪ ಅದೇ ಮಗನ ಹೆಸರಿನಲ್ಲಿ ನಿಷ್ಠೆಯ ಪತ್ರ ಬರೆಯುತ್ತಿದ್ದಾನೆ! ಇಬ್ಬರಿಗೂ ಆಗಿಬರುತ್ತಿರಲಿಲ್ಲ ಎನ್ನುವವರಿದ್ದಾರೆ. ನನಗಂತೂ ಇದು ಅಪ್ಪ ಮಗ ಮಾತಾಡಿಕೊಂಡು ಮಾಡಿದ ಕೆಲಸ ಎಂದೇ ಅನಿಸುತ್ತದೆ. ಒಬ್ಬ ಹೆದರಿಸಬೇಕು, ಇನ್ನೊಬ್ಬ ಸಮಾಧಾನ ಮಾಡಬೇಕು.

1262ರಲ್ಲಿ ವಾಲ್ಟರ್ ಮತ್ತು ಜಸ್ಟಿಶಿಯರ್ ಸೈನ್ಯದೊಂದಿಗೆ ರಾಸ್‌ಕಾಮನ್‌ಗೇ ಬಂದು ಕೋಟೆ ಕಟ್ಟಲು ಜಾಗ ಗುರುತು ಹಾಕಿದರು. ಏದ್ ಅವರ ಬೆನ್ನ ಹಿಂದೆ ಅವರ ಊರುಗಳನ್ನು ಸೂರೆ ಮಾಡಿದ. ಕೊನೆಗೆ ಹೊಳೆ ದಾಟುವ ಒಂದು ಜಾಗದಲ್ಲಿ ರಾಜಿಯಾಯಿತು. ಆ ರಾತ್ರಿ ವಾಲ್ಟರ್ ಮತ್ತು ಏದ್ ನಗುನಗುತ್ತಾ ಒಂದೇ ಹಾಸಿಗೆಯಲ್ಲಿ ಮಲಗಿದರು ಎಂದು ವರ್ಷಾವಳಿ ಬರೆಯುತ್ತದೆ. ನಂಬಿಕೆ ತೋರಿಸಲು ಆ ಕಾಲದಲ್ಲಿ ಹಾಗೆ ಮಾಡುತ್ತಿದ್ದರು. ಎಂಟು ವರ್ಷದ ನಂತರ, 1270ರಲ್ಲಿ, ಇದೇ ಏದ್ ಆ ಅನ್ ಕಿಪ್ ಎಂಬಲ್ಲಿ ಇದೇ ವಾಲ್ಟರ್‌ನ ಸೈನ್ಯವನ್ನು ಧೂಳೀಪಟ ಮಾಡಿದ.

ಅದನ್ನು ನೋಡಲು ಫೆಲಿಮ್ ಇರಲಿಲ್ಲ. 1265ರಲ್ಲಿ ತಾನು ಕಟ್ಟಿಸಿದ ಮಠದಲ್ಲೇ, ಸನ್ಯಾಸಿಗಳ ನಡುವೆ ಸತ್ತ. ಅವನ ಕಲ್ಲಿನ ಪ್ರತಿಮೆ ಇವತ್ತೂ ಆ ಪಾಳುಗುಡಿಯಲ್ಲಿದೆ. ಉದ್ದ ನಿಲುವಂಗಿ ತೊಟ್ಟು ಮಲಗಿದ ರಾಜ, ಅವನ ಕೆಳಗೆ ಶಿರಸ್ತ್ರಾಣ ಹಾಕಿ ಸಾಲಾಗಿ ನಿಂತ ಗ್ಯಾಲೊಗ್ಲಾಸ್ ಯೋಧರು. ಫೋಟೋ ನೋಡಿದವರು ಇವರೇ ಆ 160 ಜನ ಎಂದುಕೊಳ್ಳುತ್ತಾರೆ. ಅಲ್ಲ. ಯೋಧರ ಕೆತ್ತನೆ 15ನೇ ಶತಮಾನದ್ದು, ಬೇರೆ ಗೋರಿಯಿಂದ ತಂದು ಅಲ್ಲಿ ಜೋಡಿಸಿದ್ದು.

ಮಗ ಏದ್ ಅದೇ ವರ್ಷ ರಾಜನಾದ. ಹೊಸ ರಾಜ ತನ್ನ ಕೈ ತೋರಿಸಲು ಮೊದಲು ಒಂದು ಸುಲಿಗೆ ಮಾಡಬೇಕೆಂಬ ಸಂಪ್ರದಾಯವಿತ್ತು. ಅವನು ಆಫಲಿ ಸೀಮೆಯನ್ನು ಸೂರೆ ಮಾಡಿದ. ವಾಪಸ್ ಬರುವಾಗ ಅಥ್ಲೋನ್‌ನಲ್ಲಿ ದಾಯಾದಿ ಕಾಹಲ್ ಎಂಬವನ ಕಣ್ಣು ಕೀಳಿಸಿದ. ಅಂಗಹೀನನಾದವನು ರಾಜನಾಗುವ ಹಾಗಿಲ್ಲ ಎಂಬುದು ಐರಿಷರ ನಿಯಮ. ಕೊಲ್ಲದೆಯೇ ಹಕ್ಕುದಾರನನ್ನು ಪಟ್ಟಿಯಿಂದ ತೆಗೆಯುವ ದಾರಿ ಅದು. ಕಾಹಲ್ ಆ ಗಾಯದಿಂದಲೇ ಸತ್ತುಹೋದ.

ಏದ್ 1274ರಲ್ಲಿ ತೀರಿಕೊಂಡ. ಆ ಒಂದೇ ವರ್ಷದಲ್ಲಿ ಅವನ ನಂತರ ಮೂವರು ಪಟ್ಟಕ್ಕೆ ಬಂದರು. ಮೊದಲನೆಯವನು ಓವನ್, ಅಣ್ಣ ಏದ್‌ನ ಮೊಮ್ಮಗ. ಮೂರು ತಿಂಗಳು ಆಳಿದ. ಅವನ ಸ್ವಂತ ದಾಯಾದಿಗಳೇ ಅವನನ್ನು ರಾಸ್‌ಕಾಮನ್‌ನ ಡೊಮಿನಿಕನ್ ಗುಡಿಯೊಳಗೆ, ಫೆಲಿಮ್ ಕಟ್ಟಿಸಿದ ಗುಡಿಯೊಳಗೆ, ಕೊಂದರು. ಎರಡನೆಯವನು ಆಳಿದ್ದು ಹದಿನೈದು ದಿನ. ಮೂರನೆಯವನು ಟೈಗ್, 1249ರಲ್ಲಿ ಬ್ಯಾರನ್‌ಗಳು ಫೆಲಿಮನ ಜಾಗಕ್ಕೆ ತಂದು ಕೂರಿಸಿದ್ದ ಆ ಟರ್ಲೋನ ಮಗ.